ಬಂದರು ನಗರದ ಕುಂಡದಲ್ಲಿ ಊರ ಸೊಪ್ಪು: ಬಿತ್ತನೆಗೆ ರಾಜ್ಯೋತ್ಸವವೇ ಮುಹೂರ್ತ

ವಿಶಾಖಪಟ್ಟಣ: ಉದ್ಯೋಗ ನಿಮಿತ್ತ ಊರು ಬಿಟ್ಟು ಬರುವ ಕನ್ನಡಿಗರ ಸಾಮಾನಿನಲ್ಲಿ ದೇವರ ಪಟ, ಒನಕೆ, ಒಗ್ಗರಣೆ ಸೌಟುಗಳ ಜೊತೆಗೆ ಇನ್ನೊಂದು ಪೊಟ್ಟಣ ಇರುವುದುಂಟು. ಒದ್ದೆ ಬಟ್ಟೆಯಲ್ಲಿ ಸುತ್ತಿದ ದೊಡ್ಡಪತ್ರೆಯ ಕಡ್ಡಿ, ಕಾಗದದಲ್ಲಿ ಮಡಚಿದ ಬಸಳೆ ಬೀಜ, ಬೇರು ಸಹಿತ ಕಿತ್ತ ನಾಲ್ಕು ಒಂದೆಲಗ. ಬ್ಯಾಂಕಿನ ವರ್ಗಾವಣೆ, ನೌಕಾಪಡೆಯ ಪೋಸ್ಟಿಂಗ್, ಉಕ್ಕಿನ ಕಾರ್ಖಾನೆ, ರೈಲ್ವೆ, ಬಂದರು, ಹೋಟೆಲ್ ಉದ್ಯಮ ಹೀಗೆ ಯಾವ ಕಾರಣಕ್ಕೆ ಬಂದವರೇ ಆಗಲಿ, ಬಾಡಿಗೆ ಮನೆಯ ಬಾಲ್ಕನಿಯಲ್ಲಿ ಮೊದಲು ಇಡುವುದು ಎರಡು ಕುಂಡಗಳನ್ನು. ತಂಬುಳಿಗೆ ನಾಲ್ಕು ಎಲೆ ಮನೆಯಲ್ಲೇ ಸಿಗಲಿ ಎಂಬುದಷ್ಟೇ ಆಸೆ.

ಆದರೆ ಈ ಮೊದಲ ತೋಟ ಉಳಿಯುವುದು ಅಪರೂಪ. ಊರಿನ ಅಭ್ಯಾಸದಂತೆ ಜೂನ್ ತಿಂಗಳ ಮೊದಲ ಮಳೆಗೆ ಕೊತ್ತಂಬರಿ, ಮೆಂತ್ಯ, ಟೊಮೆಟೊ ಎಲ್ಲವನ್ನೂ ಒಟ್ಟಿಗೆ ಬಿತ್ತುತ್ತಾರೆ. ಕೊತ್ತಂಬರಿ ಅಲ್ಲೊಂದು ಇಲ್ಲೊಂದು ಮೊಳೆತು, ಬೆರಳುದ್ದವಾಗುವ ಮೊದಲೇ ಹಳದಿಯಾಗುತ್ತದೆ. ಟೊಮೆಟೊ ಗಿಡದ ಹೂವುಗಳು ಕಾಯಿ ಕಚ್ಚದೆ ಉದುರುತ್ತವೆ. ಅಕ್ಟೋಬರಿನ ಬಿರುಗಾಳಿಗೆ ಉಳಿದದ್ದೂ ನೆಲ ಕಚ್ಚುತ್ತದೆ. ಈ ಊರಿನ ನೀರೇ ಸರಿಯಿಲ್ಲ, ಉಪ್ಪು ಗಾಳಿಗೆ ಏನೂ ಬೆಳೆಯುವುದಿಲ್ಲ ಎಂಬ ತೀರ್ಮಾನದೊಂದಿಗೆ ಕುಂಡಗಳು ಹಳೆ ಸಾಮಾನಿನವನ ಪಾಲಾಗುತ್ತವೆ. ವಾಸ್ತವದಲ್ಲಿ ತಪ್ಪು ನೀರಿನದ್ದೂ ಅಲ್ಲ, ಕೈಗುಣದ್ದೂ ಅಲ್ಲ. ತಪ್ಪಿರುವುದು ತಿಂಗಳು.

ಊರಿನ ಪಂಚಾಂಗ ಇಲ್ಲಿ ನಡೆಯದು

ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಅಲ್ಲಿ ಹುರುಳಿಕಾಯಿ, ಕೊತ್ತಂಬರಿ, ಪಾಲಕ್ ಮುಂತಾದವು ವರ್ಷದ ಹೆಚ್ಚಿನ ತಿಂಗಳುಗಳಲ್ಲಿ ಬೆಳೆಯುವುದಕ್ಕೆ ಆ ಎತ್ತರದ ತಂಪೇ ಕಾರಣ. ವಿಶಾಖಪಟ್ಟಣ ಇರುವುದು ಕಡಲ ದಡದಲ್ಲಿ. ವಿಜಯವಾಡ ಕಡಲಿನಿಂದ ಒಳಗಿದ್ದರೂ ಕೃಷ್ಣಾ ನದಿಯ ತಗ್ಗು ಬಯಲಿನಲ್ಲಿದೆ. ಎರಡೂ ಕಡೆ ರಾತ್ರಿ ಕೂಡ ಸೆಕೆ ಇಳಿಯುವುದಿಲ್ಲ. ಟೊಮೆಟೊ ಹೂವು ಕಾಯಿಯಾಗಬೇಕಾದರೆ ರಾತ್ರಿ ಸ್ವಲ್ಪ ತಂಪು ಬೇಕು. ಕೊತ್ತಂಬರಿಗೆ ಸೆಕೆ ತಾಗಿದರೆ ಎಲೆ ಬಿಡುವುದನ್ನು ಬಿಟ್ಟು ಬೇಗನೆ ಹೂವಿಗೆ ಹೋಗುತ್ತದೆ.

ಮಂಗಳೂರು, ಉಡುಪಿ ಕಡೆಯಿಂದ ಬಂದವರಿಗೆ ಉಪ್ಪು ಗಾಳಿ ಹೊಸದಲ್ಲ. ಆದರೆ ಅವರ ಲೆಕ್ಕವೂ ಇಲ್ಲಿ ತಪ್ಪುತ್ತದೆ. ಅಲ್ಲಿ ಮಳೆ ಜೂನ್, ಜುಲೈನಲ್ಲಿ ಧೋ ಎಂದು ಸುರಿದು ಸೆಪ್ಟೆಂಬರ್ ವೇಳೆಗೆ ಇಳಿಮುಖವಾಗುತ್ತದೆ. ಪೂರ್ವ ಕರಾವಳಿಯಲ್ಲಿ ಹಾಗಲ್ಲ. ಮುಂಗಾರು ಒಂದಿಷ್ಟು ಸುರಿದ ಮೇಲೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ದೊಡ್ಡ ಮಳೆ. ಅದರ ಬೆನ್ನಿಗೆ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತಗಳು. ದೊಡ್ಡ ಮಳೆ ಬಹುಮಟ್ಟಿಗೆ ಇಳಿದು ಆಕಾಶ ತಿಳಿಯಾಗತೊಡಗುವುದು ನವೆಂಬರಿನಲ್ಲಿ. ಅಲ್ಲಿಂದ ಫೆಬ್ರವರಿಯವರೆಗಿನ ನಾಲ್ಕು ತಿಂಗಳುಗಳೇ ಇಲ್ಲಿನ ಕೈತೋಟದ ಚಿನ್ನದ ಕಾಲ.

ಕರ್ನಾಟಕಕ್ಕೂ ಆಂಧ್ರಪ್ರದೇಶಕ್ಕೂ ಈಗಿನ ಭಾಷಾವಾರು ರೂಪದ ಅಡಿಪಾಯ ಬಿದ್ದದ್ದು ಒಂದೇ ದಿನ, 1956ರ ನವೆಂಬರ್ 1ರಂದು. ಹೊರನಾಡಿನ ಕನ್ನಡ ಸಂಘಗಳಿಗೆ ಅದು ರಾಜ್ಯೋತ್ಸವದ ದಿನ. ಪೂರ್ವ ಕರಾವಳಿಯ ಕನ್ನಡಿಗರಿಗೆ ಅದೇ ಬಿತ್ತನೆಯ ದಿನವೂ ಹೌದು ಎಂದು ನೆನಪಿಟ್ಟುಕೊಂಡರೆ ಅರ್ಧ ತೋಟ ಗೆದ್ದಂತೆ.

ಮೊದಲ ವರ್ಷಕ್ಕೆ ಐದೇ ಕುಂಡ

ಹೊಸಬರು ಮಾಡುವ ಇನ್ನೊಂದು ತಪ್ಪು, ಒಂದೇ ದಿನ ಇಪ್ಪತ್ತು ಕುಂಡ ತರುವುದು. ಬ್ಯಾಂಕಿನಲ್ಲಿ ಆರ್‌ಡಿ ಖಾತೆ ತೆರೆದಂತೆ ಸಣ್ಣ ಮೊತ್ತದಿಂದ ಆರಂಭಿಸಿ ತಪ್ಪದೆ ನಡೆಸುವುದೇ ಕ್ಷೇಮ. ಮೊದಲ ವರ್ಷಕ್ಕೆ ಐದು ಕುಂಡ ಸಾಕು. ಅವು ಯಾವುವು ಎಂಬುದನ್ನು ನೋಡೋಣ.

ಒಂದನೆಯದು ಹರಿವೆ ಅಥವಾ ದಂಟಿನ ಸೊಪ್ಪು. ಇದು ಸೆಕೆಗೆ ಹೆದರುವುದಿಲ್ಲ, ವರ್ಷವಿಡೀ ಬರುತ್ತದೆ. ಬೀಜ ಸಾಸಿವೆಗಿಂತ ಸಣ್ಣದಾದ್ದರಿಂದ ಒಂದು ಚಿಟಿಕೆ ಬೀಜಕ್ಕೆ ಒಂದು ಹಿಡಿ ಒಣ ಮರಳು ಬೆರೆಸಿ ಉದುರಿಸಬೇಕು. ಮೂರು ನಾಲ್ಕು ವಾರಗಳಲ್ಲಿ ಪಲ್ಯಕ್ಕೆ ಸಿದ್ಧ. ಬೇರು ಸಹಿತ ಕೀಳದೆ ಬುಡದಿಂದ ನಾಲ್ಕು ಬೆರಳು ಬಿಟ್ಟು ಕೊಯ್ದರೆ ಮತ್ತೆ ಚಿಗುರುತ್ತದೆ.

ಎರಡನೆಯದು ಬಸಳೆ. ಬೀಜಕ್ಕಿಂತ ಬಲಿತ ಬಳ್ಳಿಯ ತುಂಡೇ ಸುಲಭ. ಗೇಣುದ್ದದ ತುಂಡಿನ ಎರಡು ಗಿಣ್ಣು ಮಣ್ಣಿನೊಳಗೆ ಹೋಗುವಂತೆ ನೆಟ್ಟು, ಬಾಲ್ಕನಿಯ ಸರಳಿಗೆ ಹಬ್ಬಿಸಿದರೆ ಆಯಿತು. ಮೇ ತಿಂಗಳಲ್ಲೂ ಹಸಿರಾಗಿರುವ ಕೆಲವೇ ಸೊಪ್ಪುಗಳಲ್ಲಿ ಇದು ಒಂದು.

ಮೂರನೆಯದು ದೊಡ್ಡಪತ್ರೆ. ಇದಕ್ಕೆ ಅಗಲವಾದ ಕುಂಡ, ಕಡಿಮೆ ನೀರು. ನೀರು ಹೆಚ್ಚಾಗಿ ಕೊಳೆತು ಸಾಯುವ ದೊಡ್ಡಪತ್ರೆಗಳೇ ಹೆಚ್ಚು. ಮಳೆಗಾಲದಲ್ಲಿ ಸೂರಿನ ಕೆಳಗಿಡಬೇಕು.

ನಾಲ್ಕನೆಯದು ಮೆಣಸಿನ ಗಿಡ. ಬಿತ್ತಿದ ಐದು ವಾರಕ್ಕೆ ಸಸಿ ಕಿತ್ತು ನೆಡಬಹುದು. ನೆಟ್ಟ ಸುಮಾರು ಎರಡು ತಿಂಗಳಿಗೆ ಕಾಯಿ ಆರಂಭ. ನಾಲ್ಕು ಜನರ ಮನೆಗೆ ಒಗ್ಗರಣೆಯ ಹಸಿಮೆಣಸಿಗೆ ಎರಡು ಗಿಡ ಧಾರಾಳ.

ಐದನೆಯದು ಕೊತ್ತಂಬರಿ ಮತ್ತು ಮೆಂತ್ಯ, ಆದರೆ ನವೆಂಬರಿನಿಂದ ಫೆಬ್ರವರಿಯವರೆಗೆ ಮಾತ್ರ. ಧನಿಯಾವನ್ನು ಚಪ್ಪಲಿಯ ಅಡಿಯಲ್ಲೋ ಲಟ್ಟಣಿಗೆಯಿಂದಲೋ ಮೆಲ್ಲಗೆ ಒತ್ತಿ ಎರಡು ಹೋಳು ಮಾಡಿ ಬಿತ್ತಬೇಕು; ಇಡೀ ಕಾಳನ್ನೇ ಹಾಕಿದರೆ ಮೊಳಕೆ ತಡ. ಮೊಳೆಯಲು ಎಂಟರಿಂದ ಹನ್ನೆರಡು ದಿನ ಬೇಕು. ಅಲ್ಲಿಯವರೆಗೆ ಕುಂಡ ಕೆದಕಿ ನೋಡುವ ಆತುರ ಸಲ್ಲದು. ಮೆಂತ್ಯ ಮೂರು ನಾಲ್ಕು ದಿನಗಳಲ್ಲೇ ಮುಖ ತೋರಿಸುತ್ತದೆ, ಇಪ್ಪತ್ತೈದು ದಿನಕ್ಕೆ ಕೊಯ್ಲು.

ಕರಿಬೇವು ಈ ಪಟ್ಟಿಯಲ್ಲಿ ಯಾಕಿಲ್ಲ ಎಂದು ಗೃಹಿಣಿಯರು ಕೇಳಬಹುದು. ಕರಿಬೇವಿಗೆ ಪೂರ್ಣ ಬಿಸಿಲು ಬೇಕು, ಕುಂಡದಲ್ಲಿ ಮೊದಲ ವರ್ಷ ಅದು ಅಲ್ಲಾಡುವುದೇ ಇಲ್ಲ. ಎಲೆಗೆ ಕೈ ಹಾಕದೆ ತಾಳ್ಮೆಯಿಂದ ಕಾದು, ಎರಡನೆಯ ವರ್ಷದಿಂದ ತುದಿ ಚಿವುಟುತ್ತಾ ಬಂದರೆ ಕವಲೊಡೆಯುತ್ತದೆ. ಮೂರು ವರ್ಷಕ್ಕೆ ವರ್ಗವಾಗುವವರು ಇದನ್ನು ಮುಂದೆ ಬರುವವರಿಗಾಗಿ ನೆಟ್ಟಂತೆ.

ಕುಂಡ, ಮಣ್ಣು, ಭಾರ

ಸೊಪ್ಪಿಗೆ ಎಂಟು ಅಂಗುಲ ಆಳ ಸಾಕು. ಮೆಣಸು, ಬದನೆ, ಟೊಮೆಟೊಗೆ ಹನ್ನೆರಡು ಅಂಗುಲ, ಹೀರೆ, ಹಾಗಲದಂತಹ ಬಳ್ಳಿಗೆ ಹದಿನೈದು ಅಂಗುಲಕ್ಕೆ ಕಡಿಮೆ ಇರಬಾರದು. ದುಬಾರಿ ಕುಂಡವೇ ಆಗಬೇಕೆಂದಿಲ್ಲ. ಮುರಿದ ಬಕೆಟ್, ಅಕ್ಕಿ ಚೀಲ, ಖಾದ್ಯ ಎಣ್ಣೆಯ ಡಬ್ಬಗಳೂ ನಡೆಯುತ್ತವೆ. ತಳದಲ್ಲಿ ನಾಲ್ಕೈದು ತೂತು ಮಾತ್ರ ಕಡ್ಡಾಯ. ಬಣ್ಣ, ರಾಸಾಯನಿಕಗಳ ಡಬ್ಬಗಳನ್ನು ತಿನ್ನುವ ಗಿಡಕ್ಕೆ ಬಳಸದಿರುವುದು ಒಳಿತು.

ಮಣ್ಣಿನ ಮಿಶ್ರಣಕ್ಕೆ ನೆನಪಿಡಲು ಸುಲಭವಾದ ಲೆಕ್ಕ ಒಂದಕ್ಕೆ ಒಂದಕ್ಕೆ ಒಂದು: ಒಂದು ಪಾಲು ಮಣ್ಣು, ಒಂದು ಪಾಲು ಹಳೆಯ ಸಗಣಿ ಗೊಬ್ಬರ ಅಥವಾ ಎರೆಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿ. ಕುಂಡಕ್ಕೆ ಒಂದು ಹಿಡಿ ಬೇವಿನ ಹಿಂಡಿ ಬೆರೆಸಿದರೆ ಬೇರಿನ ಹುಳುವಿನ ಕಾಟ ಕಡಿಮೆ. ಹಸಿ ಸಗಣಿ ಹಾಕಬಾರದು, ಅದರ ಕಾವಿಗೆ ಎಳೆ ಬೇರು ಸುಡುತ್ತದೆ.

ವಿಶಾಖಪಟ್ಟಣದಲ್ಲಿ ಸಿಗುವುದು ಹೆಚ್ಚಾಗಿ ಕೆಂಪು ಮಣ್ಣು. ನೀರು ಬೇಗ ಬಸಿದುಹೋಗುವುದರಿಂದ ಇದಕ್ಕೆ ಗೊಬ್ಬರ ಸ್ವಲ್ಪ ಹೆಚ್ಚು ಬೇಕು. ಭೀಮುನಿಪಟ್ಟಣದ ದಾರಿಯಲ್ಲಿರುವ ಎರ್ರಮಟ್ಟಿ ದಿಬ್ಬಗಳ ಮಣ್ಣನ್ನು ಮಾತ್ರ ಯಾರೂ ತರಬಾರದು. ಅದು ರಾಷ್ಟ್ರೀಯ ಭೂವೈಜ್ಞಾನಿಕ ಪರಂಪರೆಯ ತಾಣ. ವಿಜಯವಾಡದ ಸುತ್ತಿನ ಕಪ್ಪು ಮಣ್ಣಿನ ಗುಣವೇ ಬೇರೆ. ಒಣಗಿದರೆ ಬಿರುಕು ಬಿಡುತ್ತದೆ, ನೆನೆದರೆ ಜಿಗುಟಾಗಿ ನೀರು ನಿಲ್ಲುತ್ತದೆ. ಅಲ್ಲಿ ಮಣ್ಣಿನ ಪಾಲನ್ನು ಅರ್ಧಕ್ಕೆ ಇಳಿಸಿ ನಾರಿನ ಪುಡಿ ಮತ್ತು ಮರಳು ಹೆಚ್ಚಿಸಬೇಕು.

ತಾರಸಿಯಲ್ಲಿ ಕುಂಡ ಇಡುವವರು ಭಾರದ ಲೆಕ್ಕ ಹಾಕಲೇಬೇಕು. ಹನ್ನೆರಡು ಅಂಗುಲದ ಒಂದು ಕುಂಡ ನೀರು ಹಾಕಿದ ಮೇಲೆ ಇಪ್ಪತ್ತು ಕಿಲೋಗಿಂತ ಹೆಚ್ಚು ತೂಗುತ್ತದೆ. ಇಪ್ಪತ್ತು ಕುಂಡವೆಂದರೆ ನಾಲ್ಕು ಕ್ವಿಂಟಾಲ್ ದಾಟಿತು. ಅವನ್ನು ಛಾವಣಿಯ ನಡುವೆ ಗುಂಪು ಹಾಕದೆ ಗೋಡೆ, ತೊಲೆಗಳ ಮೇಲೆ ಬರುವಂತೆ ಅಂಚಿನುದ್ದಕ್ಕೆ ಜೋಡಿಸಬೇಕು. ಇಟ್ಟಿಗೆಯ ಮೇಲೆ ಎತ್ತರಿಸಿಟ್ಟರೆ ತೇವ ಇಳಿಯುವುದಿಲ್ಲ, ಮನೆ ಮಾಲೀಕರ ಜೊತೆ ಮಾತೂ ಬೆಳೆಯುವುದಿಲ್ಲ. ಬಾಡಿಗೆ ಮನೆಯವರು ಮೊದಲೇ ಒಂದು ಮಾತು ಕೇಳಿಬಿಡುವುದು ಮೇಲು.

ನೀರಿನಲ್ಲಿ ಅಡಗಿದ ಉಪ್ಪು

ಕಡಲ ಊರಿನಲ್ಲಿ ಗಿಡದ ಎಲೆಯ ಅಂಚು ಕಂದಾಗಿ ಸುಟ್ಟಂತೆ ಕಂಡರೆ ಅದು ಬಹುತೇಕ ಉಪ್ಪಿನ ಗುರುತು. ಉಪ್ಪು ಮೂರು ದಾರಿಯಲ್ಲಿ ಬರುತ್ತದೆ. ದಡಕ್ಕೆ ಹತ್ತಿರದ ಬೋರ್‌ವೆಲ್ ನೀರು ಮೊದಲನೆಯದು. ಸರಿಯಾಗಿ ತೊಳೆಯದ ತೆಂಗಿನ ನಾರಿನ ಪುಡಿ ಎರಡನೆಯದು. ಇಟ್ಟಿಗೆಯಂತೆ ಸಿಗುವ ಪುಡಿಯನ್ನು ಬಕೆಟ್ ನೀರಿನಲ್ಲಿ ನೆನೆಸಿ, ಹಿಂಡಿ, ಆ ನೀರು ಚೆಲ್ಲಿ ಮತ್ತೊಮ್ಮೆ ಹಾಗೆಯೇ ಮಾಡಿದ ನಂತರವಷ್ಟೇ ಬಳಸಬೇಕು. ಕಡಲ ಗಾಳಿ ಮೂರನೆಯದು. ಗಾಳಿ ಜೋರಾಗಿದ್ದ ದಿನದ ಮರುದಿನ ಬೆಳಿಗ್ಗೆ ಎಲೆಗಳ ಮೇಲೆ ಸಿಹಿನೀರು ಚಿಮುಕಿಸಿದರೆ ಸಾಕು.

ಕುಡಿಯುವ ನೀರಿನ ಶುದ್ಧೀಕರಣ ಯಂತ್ರ ಹೊರಬಿಡುವ ನೀರನ್ನು ವ್ಯರ್ಥವಾಗಬಾರದೆಂದು ಹಲವರು ಗಿಡಕ್ಕೆ ಹಾಕುತ್ತಾರೆ. ಅದರಲ್ಲಿ ಲವಣ ಸಾಂದ್ರವಾಗಿರುತ್ತದೆ. ಅದನ್ನು ನೆಲ ಒರೆಸಲು ಬಳಸಿ, ಗಿಡಕ್ಕೆ ಬೇಡ. ಬದಲಿಗೆ ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಒಳ್ಳೆಯದು. ಹವಾನಿಯಂತ್ರಕದಿಂದ ತೊಟ್ಟಿಕ್ಕುವ ನೀರಿನಲ್ಲಿ ಉಪ್ಪಿಲ್ಲ; ನಲ್ಲಿ ನೀರಿನ ಜೊತೆ ಬೆರೆಸಿ ಹಾಕಬಹುದು.

ಎಷ್ಟು ನೀರು ಎಂಬುದಕ್ಕೆ ಲೀಟರ್ ಲೆಕ್ಕವಿಲ್ಲ, ಬೆರಳಿನ ಲೆಕ್ಕ. ತೋರು ಬೆರಳನ್ನು ಎರಡು ಗಿಣ್ಣಿನಷ್ಟು ಮಣ್ಣಿಗೆ ಇಳಿಸಿದಾಗ ತೇವ ತಾಗಿದರೆ ಆ ದಿನ ನೀರು ಬೇಡ. ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲಲು ಬಿಡಲೇಬಾರದು. ಡೆಂಗೀ ಸೊಳ್ಳೆಗೆ ಅಷ್ಟು ನೀರು ಸಾಕು. ಮೊಟ್ಟೆ ಒಂದು ವಾರ, ಹತ್ತು ದಿನದಲ್ಲಿ ಸೊಳ್ಳೆಯಾಗುತ್ತದೆ. ವಾರಕ್ಕೊಂದು ದಿನ ಗೊತ್ತು ಮಾಡಿ ಎಲ್ಲ ತಟ್ಟೆಗಳನ್ನೂ ಉಜ್ಜಿ ಬೋರಲು ಹಾಕುವ ಅಭ್ಯಾಸವಿದ್ದರೆ ತೋಟವೂ ಕ್ಷೇಮ, ಮಕ್ಕಳೂ ಕ್ಷೇಮ.

ಬಂದರಿನ ಧೂಳು, ಕಾರ್ಖಾನೆಯ ಹೊಗೆ

ವಿಶಾಖಪಟ್ಟಣದ ಬಂದರು 1933ರಲ್ಲಿ ಆರಂಭವಾಯಿತು. ಕಬ್ಬಿಣದ ಅದಿರು, ಕಲ್ಲಿದ್ದಲು ಇಲ್ಲಿಂದ ಹೋಗಿ ಬರುತ್ತವೆ. ನಗರಕ್ಕೆ ಅನ್ನ ಕೊಟ್ಟ ಬಂದರಿನ ಧೂಳಿನ ಬಗ್ಗೆ ಹಳೆಯ ಪೇಟೆಯ ನಿವಾಸಿಗಳ ದೂರು ಇಂದು ನಿನ್ನೆಯದಲ್ಲ. ಬೆಳಿಗ್ಗೆ ಒರೆಸಿದ ಕಿಟಕಿಯ ಮೇಲೆ ಸಂಜೆ ಬೆರಳಾಡಿಸಿದರೆ ಕಪ್ಪು ಹತ್ತುವ ಮನೆಗಳಲ್ಲಿ ಅದೇ ಧೂಳು ಸೊಪ್ಪಿನ ಮೇಲೂ ಕೂರುತ್ತದೆ ಎಂಬುದನ್ನು ಮರೆಯಬಾರದು.

ಇದಕ್ಕೆ ತೋಟವನ್ನೇ ಬಿಡಬೇಕಿಲ್ಲ, ಬೆಳೆ ಬದಲಿಸಿದರೆ ಸಾಕು. ಧೂಳನ್ನು ಅತಿ ಹೆಚ್ಚು ಹಿಡಿಯುವುದು ಸುಕ್ಕಾದ, ರೋಮವಿರುವ ಎಲೆಗಳು. ನುಣುಪು ಸಿಪ್ಪೆಯ ಬದನೆ, ಟೊಮೆಟೊ, ಮೆಣಸು, ಸಿಪ್ಪೆ ಹೆರೆಯುವ ಹೀರೆ, ಸೋರೆಗಳನ್ನು ತೊಳೆಯುವುದು ಸುಲಭ. ಬಂದರು, ಗಾಜುವಾಕ, ಮಲ್ಕಾಪುರಂ ಕಡೆಯ ಮನೆಗಳವರು ಹೊರ ಬಾಲ್ಕನಿಯಲ್ಲಿ ಕಾಯಿ ತರಕಾರಿ ಬೆಳೆದು, ಸೊಪ್ಪನ್ನು ರಸ್ತೆಗೆ ಮುಖ ಮಾಡದ ಕಿಟಕಿಯಲ್ಲಿ ಇಡಬಹುದು. ಸೊಪ್ಪನ್ನು ಪಾತ್ರೆಯಲ್ಲಿ ಅದ್ದಿ ತೆಗೆದರೆ ಸಾಲದು, ಹರಿಯುವ ನೀರಿನಲ್ಲಿ ಎರಡು ಮೂರು ಬಾರಿ ತೊಳೆಯಬೇಕು. ರಸ್ತೆ ಬದಿಯ, ಕಾರ್ಖಾನೆ ಬದಿಯ ಮಣ್ಣನ್ನು ಪುಕ್ಕಟೆ ಸಿಕ್ಕಿತೆಂದು ಕುಂಡಕ್ಕೆ ತುಂಬುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಎಲೆಯ ಮೇಲಿನ ಧೂಳನ್ನು ತೊಳೆಯಬಹುದು, ಬೇರಿನಿಂದ ಮೇಲೇರಿದ್ದನ್ನು ತೊಳೆಯಲಾಗದು.

2020ರ ಮೇ 7ರ ನಸುಕಿನಲ್ಲಿ ಆರ್.ಆರ್. ವೆಂಕಟಾಪುರಂನಲ್ಲಿ ಸ್ಟೈರೀನ್ ಅನಿಲ ಸೋರಿದ ದುರಂತವನ್ನು ನಗರ ಮರೆತಿಲ್ಲ. ಆ ಸುತ್ತಿನ ಹಿತ್ತಲುಗಳ ತರಕಾರಿ, ಹಣ್ಣುಗಳನ್ನು ತಿನ್ನದಂತೆ ಆಗ ಜನರಿಗೆ ಸೂಚಿಸಲಾಗಿತ್ತು. ಮನೆಯಲ್ಲಿ ಬೆಳೆದದ್ದೆಲ್ಲ ತಾನೇ ತಾನಾಗಿ ಶುದ್ಧ ಎಂಬ ನಂಬಿಕೆ ಕೈಗಾರಿಕಾ ನಗರದಲ್ಲಿ ಪೂರ್ತಿ ನಿಜವಲ್ಲ. ಗಾಳಿ, ನೀರು, ಮಣ್ಣು ಮೂರರ ಮೇಲೂ ಕಣ್ಣಿಟ್ಟು ಬೆಳೆದದ್ದು ಮಾತ್ರ ಶುದ್ಧ.

ಮೂರನೇ ನಂಬರ್ ಏರಿದರೆ ಕುಂಡ ಇಳಿಸಿ

2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ನೇರವಾಗಿ ವಿಶಾಖಪಟ್ಟಣಕ್ಕೇ ಅಪ್ಪಳಿಸಿತು. ಬೃಹತ್ ಮರಗಳು ಬುಡಮೇಲಾದವು, ದಿನಗಟ್ಟಲೆ ವಿದ್ಯುತ್ತು ನೀರಿಲ್ಲದೆ ಜನ ಪರದಾಡಿದರು. ಅಂತಹ ಗಾಳಿಯಲ್ಲಿ ನಾಲ್ಕನೇ ಮಹಡಿಯ ಕಟ್ಟೆಯ ಮೇಲಿನ ಕುಂಡ ಗಿಡವಾಗಿ ಉಳಿಯುವುದಿಲ್ಲ, ಕೆಳಗೆ ನಡೆಯುವವನ ತಲೆಗೆ ಎಸೆದ ಕಲ್ಲಾಗುತ್ತದೆ. ಕೈತೋಟದ ವಿಚಾರದಲ್ಲಿ ಪ್ರಾಣಕ್ಕೆ ಸಂಬಂಧಿಸಿದ ಮಾತು ಇದೊಂದೇ. ಕಟ್ಟೆಯ ಮೇಲೆ, ಸರಳಿನ ಹೊರಗೆ ಯಾವ ಕಾಲದಲ್ಲೂ ಕುಂಡ ಇಡಬಾರದು.

ಬಂದರುಗಳಲ್ಲಿ ಚಂಡಮಾರುತದ ಎಚ್ಚರಿಕೆಗೆ ನಂಬರ್ ಸಂಕೇತಗಳಿವೆ. ಒಂದು, ಎರಡನೇ ನಂಬರ್ ದೂರದ ಕಡಲಿನ ಸುದ್ದಿ ಹೇಳುತ್ತವೆ. ಮೂರನೆಯದು ಏರಿತೆಂದರೆ ಬಂದರಿಗೇ ಬಿರುಗಾಳಿಯ ಸಾಧ್ಯತೆ ಎಂದರ್ಥ. ತೆಲುಗು ಪತ್ರಿಕೆ, ಟಿವಿಗಳಲ್ಲಿ ಈ ನಂಬರ್ ತಪ್ಪದೆ ಬರುತ್ತದೆ. ಮೂರನೇ ನಂಬರ್ ಏರಿದ ದಿನವೇ ತೂಗುಕುಂಡಗಳನ್ನು ಒಳಗೆ ತಂದು, ದೊಡ್ಡ ಕುಂಡಗಳನ್ನು ಗೋಡೆಯ ಮೂಲೆಗೆ ಒತ್ತಾಗಿ ಸೇರಿಸಿ, ಎತ್ತರದ ಗಿಡಗಳನ್ನು ಅಡ್ಡ ಮಲಗಿಸಬೇಕು. ಹಸಿರು ಪರದೆಯನ್ನು ಬಿಚ್ಚಿಡಬೇಕು. ಬಲಿತ ಕಾಯಿಗಳನ್ನು ಕೊಯ್ದುಬಿಡಬೇಕು. ಗಾಳಿ ಹೋದ ಮೇಲೆ ಎಲೆಗಳನ್ನು ಸಿಹಿನೀರಿನಿಂದ ತೊಳೆದು, ಮುರಿದ ಕೊಂಬೆ ಕತ್ತರಿಸಿ ಒಂದು ವಾರ ಬಿಟ್ಟರೆ ಬೇರು ಗಟ್ಟಿಯಿರುವ ಗಿಡ ಮತ್ತೆ ಚಿಗುರುತ್ತದೆ.

ವಿಜಯವಾಡದ ಲೆಕ್ಕ ಬೇರೆ

ವಿಶಾಖಪಟ್ಟಣದ ವೈರಿ ಗಾಳಿಯಾದರೆ ವಿಜಯವಾಡದ ವೈರಿ ಬಿಸಿಲು. ಪಟಮಟ, ಗವರ್ನರ್‌ಪೇಟೆ, ಸತ್ಯನಾರಾಯಣಪುರಂ ಎಲ್ಲೇ ಇರಲಿ, ಮೇ ತಿಂಗಳ ಮಧ್ಯಾಹ್ನ ತಾರಸಿಯ ಮೇಲೆ ಬರಿಗಾಲಿಡಲಾಗದು. ಅಲ್ಲಿ ಮಾರ್ಚ್ ಕೊನೆಯಿಂದಲೇ ಅರ್ಧ ಬಿಸಿಲು ತಡೆಯುವ ಹಸಿರು ಪರದೆ ಕಟ್ಟಬೇಕು. ಕಪ್ಪು ಪ್ಲಾಸ್ಟಿಕ್ ಕುಂಡಗಳು ಕಾದು ಬೇರು ಬೇಯಿಸುವುದರಿಂದ ಅವುಗಳ ಸುತ್ತ ಹಳೆಯ ಗೋಣಿ ಸುತ್ತಿ ಒದ್ದೆ ಮಾಡುವುದು ಒಳ್ಳೆಯ ಉಪಾಯ. ಮಣ್ಣಿನ ಮೇಲೆ ಒಣ ಎಲೆ, ತೆಂಗಿನ ನಾರು ಹೊದಿಸಿದರೆ ನೀರು ಉಳಿಯುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಹೊಸದಾಗಿ ಏನನ್ನೂ ಬಿತ್ತದೆ ಬಸಳೆ, ಹರಿವೆ, ಪುಂಡಿಗಳನ್ನು ಉಳಿಸಿಕೊಂಡರೆ ಅದೇ ಲಾಭ.

2024ರ ಸೆಪ್ಟೆಂಬರ್ ಮೊದಲ ದಿನಗಳಲ್ಲಿ ಬುಡಮೇರು ಉಕ್ಕಿ ಅಜಿತ್‌ಸಿಂಗ್ ನಗರ ಮೊದಲಾದ ಬಡಾವಣೆಗಳು ಮುಳುಗಿದವು. ಪ್ರವಾಹದ ನೀರಿನಲ್ಲಿ ಚರಂಡಿಯ ನೀರೂ ಸೇರಿರುತ್ತದೆ. ಆ ನೀರು ತಾಗಿದ ಸೊಪ್ಪು ತರಕಾರಿಯನ್ನು ಎಷ್ಟು ತೊಳೆದರೂ ತಿನ್ನಬಾರದು. ಕಿತ್ತೆಸೆದು, ಹೊಸ ಮಣ್ಣಿನಲ್ಲಿ ಮತ್ತೆ ಆರಂಭಿಸುವುದೇ ಸರಿ.

ನರ್ಸರಿಯಲ್ಲಿ ಬೇಕಾಗುವ ತೆಲುಗು

ಹೊಸದಾಗಿ ಬಂದವರಿಗೆ ನರ್ಸರಿ ಮತ್ತು ರೈತು ಬಜಾರಿನಲ್ಲಿ ಹೆಸರೇ ತೊಡಕು. ಆಂಧ್ರದಲ್ಲಿ 1999ರಲ್ಲಿ ಆರಂಭವಾದ ರೈತು ಬಜಾರುಗಳು ವಿಶಾಖಪಟ್ಟಣದ ಎಂವಿಪಿ ಕಾಲೊನಿ, ಸೀತಮ್ಮಧಾರ ಮುಂತಾದ ಕಡೆ ಇವೆ. ಬೇರು ಸಹಿತವಾದ ಪುದೀನ, ಬಲಿತ ಬಸಳೆ ಬಳ್ಳಿ, ಮೊಳಕೆ ಬಂದ ಕೆಸುವಿನ ಗಡ್ಡೆ ಇಲ್ಲಿಂದಲೇ ತಂದು ನೆಡಬಹುದು. ಕೇಳುವ ಹೆಸರು ಗೊತ್ತಿರಬೇಕಷ್ಟೆ.

ನಮ್ಮ ಹರಿವೆ ಇಲ್ಲಿ ತೋಟಕೂರ. ಬಸಳೆ ಬಚ್ಚಲಿಕೂರ. ಉತ್ತರ ಕರ್ನಾಟಕದ ಪುಂಡಿಪಲ್ಲೆ ಇಲ್ಲಿ ಊರಿಗೇ ಪ್ರಿಯವಾದ ಗೋಂಗೂರ. ಹೊನಗೊನ್ನೆ ಪೊನ್ನಗಂಟಿಕೂರ. ಕೊತ್ತಂಬರಿ ಕೊತ್ತಿಮೀರ, ಮೆಂತ್ಯ ಸೊಪ್ಪು ಮೆಂತಿಕೂರ. ಒಂದೆಲಗಕ್ಕೆ ಸರಸ್ವತಿ ಆಕು, ದೊಡ್ಡಪತ್ರೆಗೆ ವಾಮು ಆಕು ಎನ್ನುತ್ತಾರೆ. ಅವರೆಕಾಯಿ ಚಿಕ್ಕುಡುಕಾಯ, ಗೋರಿಕಾಯಿ ಗೋರುಚಿಕ್ಕುಡು, ಹೀರೆ ಬೀರಕಾಯ, ಹಾಗಲ ಕಾಕರಕಾಯ, ತೊಂಡೆ ದೊಂಡಕಾಯ. ಸೋರೆಗೆ ವಿಶಾಖಪಟ್ಟಣದ ಕಡೆ ಆನಪಕಾಯ ಎಂಬ ಹೆಸರೇ ಹೆಚ್ಚು. ಮಂಗಳೂರು ಸೌತೆಯ ಹುಳಿ ನೆನಪಾದವರು ಇಲ್ಲಿನ ದೋಸಕಾಯವನ್ನು ಹಬ್ಬಿಸಿ ನೋಡಬಹುದು, ಹತ್ತಿರದ ನೆಂಟ. ಗೊಬ್ಬರಕ್ಕೆ ಎರುವು, ಮಣ್ಣಿಗೆ ಮಟ್ಟಿ, ಬೀಜಕ್ಕೆ ವಿತ್ತನಾಲು ಎಂಬ ಮೂರು ಪದ ಕಲಿತರೆ ವ್ಯವಹಾರ ನಡೆಯುತ್ತದೆ. ಯಾವ ತಿಂಗಳಲ್ಲಿ ಏನು ಎಂಬ ಸಂಶಯ ಬಂದರೆ ಪಕ್ಕದ ಮನೆಯ ಪಿನ್ನಿಗಾರು ಅಥವಾ ಅತ್ತಯ್ಯಗಾರು ತಮ್ಮ ಹಿತ್ತಲಲ್ಲಿ ಏನು ಬಿತ್ತಿದ್ದಾರೆಂದು ನೋಡಿದರೆ ಸಾಕು. ಅದಕ್ಕಿಂತ ಒಳ್ಳೆಯ ಪಂಚಾಂಗ ಇಲ್ಲ.

ಗಿಡ, ಕುಂಡಗಳನ್ನು ಹೆಚ್ಚಿನ ಸಂಖ್ಯೆಯಲ್ಲಿ ಕೊಳ್ಳುವ ಸಂಘಗಳು ರಾಜಮಹೇಂದ್ರವರಂ ಬಳಿಯ ಕಡಿಯಂ ನರ್ಸರಿಗಳನ್ನು ನೆನಪಿಡಬೇಕು. ವಿಶಾಖಪಟ್ಟಣ, ವಿಜಯವಾಡಗಳ ನಡುವಿನ ರಾಷ್ಟ್ರೀಯ ಹೆದ್ದಾರಿಯಲ್ಲಿ ಪ್ರಯಾಣಿಸುವವರಿಗೆ ಕಡಿಯಪುಲಂಕದ ಹಸಿರು ಸಾಲು ಕಾಣದೆ ಇರದು.

ಬೀಜ ಊರಿನದ್ದು, ತಳಿ ಹೊಸದು

ಊರಿನ ಅವರೆ ಇಲ್ಲಿ ಜೂನ್‌ನಲ್ಲಿ ಬಿತ್ತಿದರೆ ಬಳ್ಳಿ ಹಬ್ಬುತ್ತದೆಯೇ ಹೊರತು ಹೂ ಬಿಡುವುದಿಲ್ಲ. ನಾಟಿ ಅವರೆಗೆ ಹಗಲು ಚಿಕ್ಕದಾಗುವ ಚಳಿಗಾಲವೇ ಬೇಕು. ಈ ತೊಡಕಿಗೆ ಕರ್ನಾಟಕದ ವಿಜ್ಞಾನಿಗಳು ಉತ್ತರ ಕಂಡುಕೊಂಡಿದ್ದಾರೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ 3, ಹೆಬ್ಬಾಳ ಅವರೆ 4 ಮತ್ತು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಜಯ್, ಅರ್ಕಾ ವಿಜಯ್ ತಳಿಗಳು ಹಗಲಿನ ಉದ್ದಕ್ಕೆ ಕಾಯುವುದಿಲ್ಲ. ಬಳ್ಳಿಯಾಗದೆ ಗಿಡ್ಡ ಪೊದೆಯಾಗಿ ಬೆಳೆಯುವುದರಿಂದ ಕುಂಡಕ್ಕೂ ಅನುಕೂಲ. ಹೆಸರಘಟ್ಟದ್ದೇ ಆದ ಅರ್ಕಾ ಅನಾಮಿಕಾ ಬೆಂಡೆ, ಎಲೆ ಹಳದಿಯಾಗುವ ನಂಜುರೋಗವನ್ನು ತಡೆದುಕೊಳ್ಳುತ್ತದೆ. ರಜೆಗೆ ಊರಿಗೆ ಹೋದವರು ಒಂದು ಸೀರೆ ಕಡಿಮೆ ತಂದು ಈ ಬೀಜದ ಪೊಟ್ಟಣ ತಂದರೆ ಹತ್ತು ಮನೆಗೆ ಹಂಚಬಹುದು.

ತಾರಸಿ ತೋಟವನ್ನು ಬೆಂಗಳೂರಿನ ಮನೆಮನೆಗೆ ಪರಿಚಯಿಸಿದವರಲ್ಲಿ ಕೃಷಿ ವಿಜ್ಞಾನಿ ಡಾ. ಬಿ.ಎನ್. ವಿಶ್ವನಾಥ್ ಅವರ ಹೆಸರು ಮುಂಚೂಣಿಯಲ್ಲಿದೆ. 2011ರಿಂದ ಅಲ್ಲಿ ನಡೆದುಬಂದ ‘ಊಟ ಫ್ರಮ್ ಯುವರ್ ತೋಟ’ ಮೇಳಗಳಲ್ಲಿ ಮನೆಯಲ್ಲೇ ಬೆಳೆಯುವವರು ಒಂದೆಡೆ ಸೇರಿ ಬೀಜ, ಗೊಬ್ಬರ, ಅನುಭವ ಹಂಚಿಕೊಂಡರು. ಆ ಮಾದರಿ ಹೊರನಾಡಿನ ಸಂಘಗಳಿಗೂ ಸಲ್ಲುವಂಥದ್ದು.

ಹುಳುವಿಗೆ ಬೇವು, ತೋಟಕ್ಕೊಂದು ಪಾಸ್‌ಬುಕ್

ಮೆಣಸಿನ ಎಲೆ ಮುರುಟುವುದು, ಬೆಂಡೆಯ ಚಿಗುರಿಗೆ ಹೇನು ಹತ್ತುವುದು ಮಾಮೂಲು. ಒಂದು ಲೀಟರ್ ನೀರಿಗೆ ಒಂದು ಚಿಕ್ಕ ಚಮಚ, ಅಂದರೆ ಐದು ಮಿಲಿ ಬೇವಿನ ಎಣ್ಣೆ ಮತ್ತು ಎರಡು ಹನಿ ಪಾತ್ರೆ ತೊಳೆಯುವ ದ್ರವ ಬೆರೆಸಿ, ಬಿಸಿಲು ಇಳಿದ ಮೇಲೆ ಎಲೆಯ ಅಡಿಭಾಗಕ್ಕೆ ಸಿಂಪಡಿಸಬೇಕು. ವಾರಕ್ಕೊಮ್ಮೆಯಂತೆ ಮೂರು ವಾರ ಮಾಡಿದರೆ ಬಹುಪಾಲು ಹತೋಟಿಗೆ ಬರುತ್ತದೆ. ಹಿಟ್ಟಿನಂತಹ ಬಿಳಿ ತಿಗಣೆಯನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ತೆಗೆಯುವುದೇ ಒಳ್ಳೆಯ ಔಷಧ.

ಅಡುಗೆ ಮನೆಯ ತರಕಾರಿ ಸಿಪ್ಪೆ, ಚಹಾ ಚರಟವನ್ನು ತೂತು ಮಾಡಿದ ಬಕೆಟ್‌ನಲ್ಲಿ ಒಂದು ಪದರ ಸಿಪ್ಪೆ, ಒಂದು ಪದರ ಒಣ ಎಲೆಯಂತೆ ತುಂಬುತ್ತಾ ಬಂದರೆ ಎರಡು ಮೂರು ತಿಂಗಳಿಗೆ ಗೊಬ್ಬರ ಸಿದ್ಧ. ಉಪ್ಪು, ಎಣ್ಣೆ ಬಿದ್ದ ಅಡುಗೆಯನ್ನು ಮಾತ್ರ ಹಾಕಬಾರದು. ಬೇಸಿಗೆಯಲ್ಲಿ ತೋಟಕ್ಕೆ ವಿಶ್ರಾಂತಿ ಇರುವಾಗ ಈ ಕೆಲಸ ನಡೆಸಿದರೆ ನವೆಂಬರಿಗೆ ಬಂಡವಾಳ ಸಿದ್ಧವಾಗಿರುತ್ತದೆ.

ಒಂದು ನೂರು ಪುಟದ ನೋಟುಪುಸ್ತಕ ತೋಟದ ಪಾಸ್‌ಬುಕ್ ಆಗಲಿ. ಬಿತ್ತಿದ ದಿನಾಂಕ, ಮೊಳೆತ ದಿನಾಂಕ, ಕೊಯ್ದ ಸೊಪ್ಪಿನ ಕಟ್ಟು ಇಷ್ಟನ್ನೇ ಬರೆದಿಟ್ಟರೆ ಎರಡನೇ ವರ್ಷ ಯಾರನ್ನೂ ಕೇಳಬೇಕಿಲ್ಲ. ವರ್ಷದ ಒಟ್ಟು ಲೆಕ್ಕ ಸ್ಥೂಲವಾಗಿ ಹೀಗಿರುತ್ತದೆ: ಜೂನ್, ಜುಲೈನಲ್ಲಿ ಬೆಂಡೆ, ಹೀರೆ, ಹಾಗಲ, ಹರಿವೆ. ಸೆಪ್ಟೆಂಬರ್‌ನಲ್ಲಿ ಸೂರಿನ ಕೆಳಗೆ ಮೆಣಸು, ಬದನೆ, ಟೊಮೆಟೊ ಸಸಿ ಮಡಿ. ಅಕ್ಟೋಬರ್‌ನಲ್ಲಿ ಕಾಯುವುದು. ನವೆಂಬರಿನಿಂದ ಜನವರಿಯವರೆಗೆ ಕೊತ್ತಂಬರಿ, ಮೆಂತ್ಯ, ಪಾಲಕ್, ಮೂಲಂಗಿ, ಅವರೆ ಬಿತ್ತನೆ, ಟೊಮೆಟೊ ಸಸಿ ನಾಟಿ. ಫೆಬ್ರವರಿಯಲ್ಲಿ ಮತ್ತೆ ಬೆಂಡೆ, ಗೋರಿಕಾಯಿ, ಪುಂಡಿ. ಏಪ್ರಿಲ್, ಮೇ ನೆರಳು ಮತ್ತು ವಿಶ್ರಾಂತಿ.

ಸಂಘಗಳಿಗೊಂದು ಸಣ್ಣ ಕೆಲಸ

ರಾಜ್ಯೋತ್ಸವದ ಸಭೆಗಳಲ್ಲಿ ಧ್ವಜಾರೋಹಣ, ಸನ್ಮಾನ, ಮಕ್ಕಳ ನೃತ್ಯ, ಊಟ ಇದ್ದೇ ಇರುತ್ತವೆ. ಅದೇ ಸಭಾಂಗಣದ ಬಾಗಿಲಲ್ಲಿ ಒಂದು ಮೇಜು ಹಾಕಿ, ಬಂದವರಿಗೆಲ್ಲ ಒಂದು ಹಿಡಿ ಒಡೆದ ಧನಿಯಾ, ಎಂಟು ಅವರೆ ಬೀಜ, ಒಂದು ದೊಡ್ಡಪತ್ರೆ ಕಡ್ಡಿ ಕೊಟ್ಟು ಕಳಿಸಿದರೆ ಖರ್ಚು ಒಂದು ಹೂವಿನ ಹಾರಕ್ಕಿಂತ ಹೆಚ್ಚಾಗದು. ಮಹಿಳಾ ವಿಭಾಗದವರು ತಮ್ಮ ಮನೆಯ ಕುಂಡದಿಂದಲೇ ಕಡ್ಡಿಗಳನ್ನು ಒದಗಿಸಬಹುದು. ಉಕ್ಕುನಗರದಂತಹ ಟೌನ್‌ಶಿಪ್‌ಗಳಲ್ಲಿ ನೆಲವಿರುವ ಮನೆಯವರು ಕರಿಬೇವು, ಕೆಸು, ಬಾಳೆಗಳ ತಾಯಿಗಿಡ ಉಳಿಸಿಕೊಂಡರೆ ಫ್ಲ್ಯಾಟ್‌ಗಳ ಸದಸ್ಯರಿಗೆ ಅದೇ ಬೀಜದ ಬ್ಯಾಂಕು. ವರ್ಗವಾಗಿ ಹೋಗುವವರು ಕುಂಡಗಳನ್ನು ಎಸೆಯದೆ ಸಂಘಕ್ಕೆ ಒಪ್ಪಿಸಿದರೆ, ಹೊಸದಾಗಿ ಬಂದವರಿಗೆ ಮೊದಲ ದಿನವೇ ಊರಿನ ಎಲೆಯೊಂದು ಕೈಗೆ ಸಿಗುತ್ತದೆ, ಕೊಡುವ ನೆಪದಲ್ಲಿ ಒಂದು ಪರಿಚಯವೂ ಆಗುತ್ತದೆ.

ಹೊರನಾಡಿನಲ್ಲಿ ಹುಟ್ಟಿದ ಮಕ್ಕಳಿಗೆ ಒಂದೆಲಗ, ಹೊನಗೊನ್ನೆ ಎಂಬ ಪದಗಳು ಪುಸ್ತಕದಿಂದ ಬರುವುದಿಲ್ಲ. ದಿನವೂ ನೀರು ಹಾಕಿದ ಗಿಡದ ಹೆಸರು ಮಾತ್ರ ನಾಲಿಗೆಯ ಮೇಲೆ ಉಳಿಯುತ್ತದೆ. ನವೆಂಬರ್ 1ರಂದು ಬಿತ್ತಿದ ಗಿಡ್ಡ ಅವರೆ, ಹವೆ ಕೂಡಿ ಬಂದರೆ ಸಂಕ್ರಾಂತಿಯ ಹೊತ್ತಿಗೆ ಮೊದಲ ಕಾಯಿ ಕೊಡುತ್ತದೆ. ಎಳ್ಳು ಬೆಲ್ಲದ ಜೊತೆಗೆ ಪಕ್ಕದ ಮನೆಯ ಪಿನ್ನಿಗಾರುವಿಗೆ ಒಂದು ಬಟ್ಟಲು ಅವರೆಕಾಳಿನ ಉಪ್ಪಿಟ್ಟು ಕೊಡಲು ಅಷ್ಟು ಸಾಕು.